ಗಾರ್ಡಿಯ ಕೈ ಮುಂದಕ್ಕೆ ಹೊರಟಿತ್ತೇ?

ಆರ್ಲೋ ಟ್ವೆಟ್ ಎಂಬ ಮನುಷ್ಯನಿಗೆ ಜೀವನದಲ್ಲಿ ಒಂದೇ ಒಂದು ಆಸೆ ಇತ್ತು: ಕಪ್ಪು-ಬಿಳಿ ಪಟ್ಟೆಯ ಅಂಗಿ. ಅಂಗಡಿಯಲ್ಲಿ ಸಿಗುವ ಪಟ್ಟೆ ಅಂಗಿಯಲ್ಲ. ಫುಟ್‌ಬಾಲ್ ಮೈದಾನದಲ್ಲಿ ರೆಫರಿ ತೊಡುವ ಅಂಗಿ. ಜಿಲ್ಲಾ ರೆಫರಿಗಳ ಸಂಘದವರು ತಾವಾಗಿ ಕೊಟ್ಟರೆ ಮಾತ್ರ ಮೈಗೇರಿಸಬಹುದಾದದ್ದು. ಹೆಂಡತಿ ಒಳ್ಳೆಯವಳು, ಹಾಲಿನ ಲಾರಿ ಓಡಿಸುವ ಖಾಯಂ ಕೆಲಸ, ಹಲ್ಲೆಲ್ಲ ಸ್ವಂತದ್ದು. ಐವತ್ತೆರಡನೆಯ ವಯಸ್ಸಿನಲ್ಲಿ ಇಂಥವನಿಗೆ ಇನ್ನೇನು ಬೇಕು ಎಂದು ಕೇಳುವವರು ಕೇಳುತ್ತಿದ್ದರು. ಕೇಳುವವರಿಗೇನು, ಅವರವರ ಅಂಗಿ ಅವರವರ ಮೈಮೇಲಿತ್ತು.

ವಿಸ್ಕಾನ್ಸಿನ್‌ನ ನಮ್ಮ ಹಾರ್ನ್‌ಬೆಕ್ ಫಾಲ್ಸ್‌ನಲ್ಲಿ ಫುಟ್‌ಬಾಲ್ ಎಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ಕಾಲಿಗಿಂತ ಕೈಗೆ ಕೆಲಸ ಹೆಚ್ಚು, ಕೈಗಿಂತ ಬಾಯಿಗೆ. ಆಡುವವರು ಇಪ್ಪತ್ತೆರಡು ಜನ, ತೀರ್ಪು ಕೊಡುವವರು ಎಂಟುನೂರು. ಈ ಎಂಟುನೂರು ಜನರಲ್ಲಿ ನಿಯಮದ ಪುಸ್ತಕವನ್ನು ನಿಜವಾಗಿ ಓದಿದವನು ಆರ್ಲೋ ಒಬ್ಬನೇ. ದಿನವೂ ಹದಿನಾರು ಕೊಟ್ಟಿಗೆಗಳಿಗೆ ಹೋಗಿ ಹಾಲು ತುಂಬಿಸಿಕೊಳ್ಳುತ್ತಿದ್ದ. ಕೊಳವೆಯಲ್ಲಿ ಹಾಲು ಇಳಿಯುವ ಹತ್ತು ನಿಮಿಷ ಲಾರಿಯ ಮೆಟ್ಟಿಲ ಮೇಲೆ ಕುಳಿತು ಪುಸ್ತಕ ತೆರೆಯುತ್ತಿದ್ದ. "ಹುಲ್ಲು ಈ ವರ್ಷ ಹೇಗೆ ಆರ್ಲೋ?" ಎಂದು ರೈತರು ಕೇಳಿದರೆ, "ಹುಲ್ಲಿನ ಮೇಲೆ ಚೆಂಡು ಬಿದ್ದ ತಕ್ಷಣ ಸಾಯಲ್ಲ, ಅದು ಹೇಗೆ ಬಿತ್ತು ಅನ್ನೋದು ಮುಖ್ಯ," ಎನ್ನುತ್ತಿದ್ದ. ರೈತರು ಕ್ರಮೇಣ ಹಸುಗಳ ಜೊತೆ ಮಾತಾಡುವುದನ್ನು ರೂಢಿಸಿಕೊಂಡರು.

ಸಂಘದ ಲಿಖಿತ ಪರೀಕ್ಷೆಗೆ ಅವನು ಮೂರು ಸಲ ಕುಳಿತ. ಮೊದಲ ಸಲ ಮೂರು ಅಂಕ ಕಡಿಮೆ, ಎರಡನೆಯ ಸಲ ಒಂದು. ಮೂರನೆಯ ಸಲ ಪಾಸಾದಾಗ ಹೆಂಡತಿ ಲಾವೋನ್ ಕೇಕ್ ಮಾಡಿದಳು. ಉಳಿದದ್ದು ಒಂದೇ ಮೆಟ್ಟಿಲು: ಸಂಘದ ಕಾರ್ಯದರ್ಶಿ ಮಿಸ್ ಪೊಕೋರ್ನಿಯ ಎದುರು ಒಂದು ಪಂದ್ಯ ನಡೆಸಿ ತೋರಿಸಬೇಕು. ಮಿಸ್ ಪೊಕೋರ್ನಿ ಮೂವತ್ತೆಂಟು ವರ್ಷ ರೇಖಾಗಣಿತ ಪಾಠ ಹೇಳಿ ನಿವೃತ್ತಳಾದವಳು. ಜಿಲ್ಲೆಯ ಅರ್ಧ ಜನ ಅವಳ ಕೈಯಲ್ಲಿ ಫೇಲಾದವರು. ಉಳಿದ ಅರ್ಧ ಜನ ಅವಳಿಗೆ ಹೆದರಿ ಪಾಸಾದವರು.

ಆ ಪಂದ್ಯ ತಾನಾಗಿ ಒದಗಿ ಬಂತು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಬೆಳಿಗ್ಗೆ, ಟರ್ಕಿ ಕೋಳಿ ಒಲೆಯಲ್ಲಿ ಬೇಯುವಷ್ಟು ಹೊತ್ತಿನಲ್ಲಿ, ಊರಿನ ಗುಡ್ಡದ ಮೇಲಿನವರಿಗೂ ಗಿರಣಿಯ ಹತ್ತಿರದವರಿಗೂ ಐವತ್ತೊಂದು ವರ್ಷಗಳಿಂದ ಪಂದ್ಯ ನಡೆಯುತ್ತಿತ್ತು. ಗೆದ್ದವರಿಗೆ ಒಂದು ಸೊಟ್ಟ ಹಾಲಿನ ಕ್ಯಾನು. ಅದರಲ್ಲಿ ಹಾಲು ಹಾಕಿದರೆ ಮೂರು ಕಡೆ ಸೋರುತ್ತದೆ. ಆದರೂ ಅದಕ್ಕಾಗಿ ಮುರಿದ ಪಕ್ಕೆಲುಬುಗಳು ಹನ್ನೊಂದು, ಮುರಿದ ನಿಶ್ಚಿತಾರ್ಥಗಳು ಎರಡು. ಕಳೆದ ನಾಲ್ಕು ವರ್ಷಗಳಿಂದ ಅದು ಗಿರಣಿ ತಂಡದ ಮುಂದಾಳು, ಕ್ಷೌರದಂಗಡಿಯ ಅಲೋಯ್ಸ್ ಶಿಮೆಕ್‌ನ ಅಂಗಡಿಯ ಕಿಟಕಿಯಲ್ಲಿ ಎಲ್ಲರಿಗೂ ಕಾಣುವಂತೆ ಕುಳಿತಿತ್ತು.

ಇಪ್ಪತ್ತೆರಡು ವರ್ಷ ಈ ಪಂದ್ಯಕ್ಕೆ ರೆಫರಿಯಾಗಿದ್ದ ಮುದುಕ ಹಿಮದಲ್ಲಿ ಜಾರಿ ಸೊಂಟ ಮುರಿದುಕೊಂಡ. ಬದಲಿ ಯಾರು ಎಂದು ಕೇಳಿದಾಗ ಆರ್ಲೋ ಕೈ ಎತ್ತಿದ. ಬೇರೆ ಯಾರೂ ಎತ್ತಲಿಲ್ಲ. ಅದೇಕೆ ಎಂದು ಅವನಿಗೆ ಆಮೇಲೆ ತಿಳಿಯಿತು.

ತೊಡಕು ಒಂದೇ ಇತ್ತು. ಆರ್ಲೋ ಗುಡ್ಡದವರ ಅಳಿಯ. ಗುಡ್ಡದ ತಂಡದಲ್ಲಿ ಚೆಂಡು ಎಸೆಯುವವನು ಲಾವೋನಳ ತಮ್ಮ ಗಾರ್ಡಿ. ಇದನ್ನು ಅಲೋಯ್ಸ್‌ಗೆ ಹೇಳಿದಾಗ ಅವನು ಕತ್ತರಿ ಆಡಿಸುತ್ತಾ ಹೇಳಿದ: "ಬಿಡ್ರಪ್ಪ. ಆರ್ಲೋ ಪುಸ್ತಕದ ಹುಳ. ಅವನ ಅತ್ತೆ ಬಂದು ಸತ್ತುಹೋಗ್ತೀನಿ ಅಂದ್ರೂ ಯಾವ ಪುಟದಲ್ಲಿದೆ ಅಂತ ಕೇಳ್ತಾನೆ."

ಹಬ್ಬದ ಬೆಳಿಗ್ಗೆ ಅಗ್ನಿಶಾಮಕ ಠಾಣೆಯ ಹಿಂದಿನ ಹುಲ್ಲುಗಾವಲಲ್ಲಿ ಊರಿಗೆ ಊರೇ ನೆರೆದಿತ್ತು. ಮಿಸ್ ಪೊಕೋರ್ನಿ ಮಡಚುವ ಕುರ್ಚಿ ಹಾಕಿ, ಮೊಣಕಾಲ ಮೇಲೆ ಕಂಬಳಿ, ಕಂಬಳಿಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಕುಳಿತಿದ್ದಳು. ಆರ್ಲೋ ಪಂದ್ಯವನ್ನು ಚೆನ್ನಾಗಿಯೇ ನಡೆಸಿದ. ಇಬ್ಬರು ಕಚ್ಚಾಡಿದಾಗ ಬಿಡಿಸಿದ, ಮೂವರಿಗೆ ದಂಡ ಹಾಕಿದ, ಮೈದಾನಕ್ಕೆ ನುಗ್ಗಿದ ಒಂದು ನಾಯಿಯನ್ನು ನಿಯಮಾನುಸಾರ ಹೊರಗೆ ಕಳಿಸಿದ. ಮಿಸ್ ಪೊಕೋರ್ನಿ ಎರಡು ಸಲ ತಲೆಯಾಡಿಸಿದ್ದನ್ನು ಲಾವೋನ್ ಕಣ್ಣಾರೆ ಕಂಡಳು.

ಕೊನೆಗೆ ನಾಲ್ಕು ಸೆಕೆಂಡು ಉಳಿಯಿತು. ಗಿರಣಿ ಹದಿನಾಲ್ಕು, ಗುಡ್ಡ ಹನ್ನೆರಡು. ಚೆಂಡು ಗುಡ್ಡದವರದ್ದು, ಒಂದೇ ಒಂದು ಆಟ ಬಾಕಿ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಮುಂದಕ್ಕೆ ಎಸೆದ ಚೆಂಡು ಯಾರ ಕೈಗೂ ಸಿಗದೆ ನೆಲ ಮುಟ್ಟಿದರೆ ಸತ್ತಂತೆ. ಕೈಜಾರಿದ ಚೆಂಡು ನೆಲ ಮುಟ್ಟಿದರೂ ಬದುಕೇ ಇರುತ್ತದೆ. ಯಾರು ಎತ್ತಿಕೊಂಡು ಓಡಿದರೋ ಅವರದ್ದು, ಕೊನೆಯ ಗೆರೆ ದಾಟಿಸಿದರೆ ಆರು ಅಂಕ. ಎಸೆತವೋ ಕೈಜಾರೋ ಎಂದು ತೀರ್ಮಾನಿಸುವುದು ಒಂದೇ ಪ್ರಶ್ನೆ: ಚೆಂಡು ಬಿಟ್ಟುಹೋದಾಗ ಕೈ ಮುಂದಕ್ಕೆ ಹೊರಟಿತ್ತೇ, ಇಲ್ಲವೇ? ಇಷ್ಟೇ. ಇಷ್ಟಕ್ಕಾಗಿ ಪುಸ್ತಕದಲ್ಲಿ ನಾಲ್ಕು ಪುಟ ಇವೆ. ಆರ್ಲೋಗೆ ನಾಲ್ಕೂ ಬಾಯಿಪಾಠ.

ಗಾರ್ಡಿ ಚೆಂಡು ಹಿಡಿದು ಹಿಂದೆ ಹಿಂದೆ ಸರಿದ. ಕೈ ಎತ್ತಿದ. ಎದುರಿಂದ ಇನ್ನೂರ ಎಪ್ಪತ್ತು ಪೌಂಡಿನ ಅಲೋಯ್ಸ್, ಒಲೆಯಿಂದ ತಪ್ಪಿಸಿಕೊಂಡ ಹಬ್ಬದ ಕೋಳಿಯ ಹಾಗೆ ಎರಡೂ ತೋಳು ಚಾಚಿಕೊಂಡು ಬಂದ. ಗಾರ್ಡಿಯ ಬೆನ್ನ ಹಿಂದೆ ಹತ್ತು ಮಾರು ದೂರದಲ್ಲಿ ಆರ್ಲೋ ನಿಂತಿದ್ದ. ಜಗತ್ತಿನಲ್ಲಿ ಆ ಕೈಯನ್ನು ಅವನಷ್ಟು ಸ್ಪಷ್ಟವಾಗಿ ನೋಡಬಹುದಾದವರು ಇನ್ನೊಬ್ಬರಿರಲಿಲ್ಲ.

ಧಡ್ ಎಂದಿತು. ಆರ್ಲೋ ಕಣ್ಣು ಮುಚ್ಚಿಕೊಂಡ.

ಮುಚ್ಚಬೇಕೆಂದು ಮುಚ್ಚಿದ್ದಲ್ಲ. ಎಳವೆಯಿಂದಲೂ ಅವನು ಹಾಗೆಯೇ. ಗುಡುಗಿದರೆ, ಬಾಗಿಲು ಬಡಿದರೆ, ಯಾರಿಗಾದರೂ ಪೆಟ್ಟು ಬೀಳುವುದು ಕಂಡರೆ ರೆಪ್ಪೆಗಳು ತಾವಾಗಿ ಅಂಟಿಕೊಳ್ಳುತ್ತಿದ್ದವು. ಅಂಟಿಕೊಂಡಾಗ ತುಟಿಯಲ್ಲಿದ್ದ ಸೀಟಿಯೂ ತಾನಾಗಿ ಊದಿಹೋಯಿತು. ಕಣ್ಣು ಬಿಟ್ಟಾಗ ಚೆಂಡು ಮುಂದೆ ನೆಲದಲ್ಲಿ ಪುಟಿಯುತ್ತಿತ್ತು. ಗುಡ್ಡದವರ ಪೈಕಿ ಅಂಚೆಯ ಲೀಲೆಂಡ್ ಅದನ್ನು ಎತ್ತಿಕೊಂಡು, ಜೀವಮಾನದಲ್ಲಿ ಒಂದು ಕಾಗದವನ್ನೂ ಅಷ್ಟು ಬೇಗ ಮುಟ್ಟಿಸದವನು, ಗೆರೆ ದಾಟಿ ಓಡಿಹೋದ. ಗುಡ್ಡದವರು ಕುಣಿದರು. ಸೀಟಿ ಊದಿಯಾಗಿದೆ, ಏನಾದರೂ ಹೇಳಲೇಬೇಕು. ಆರ್ಲೋ ಎರಡೂ ಕೈಗಳನ್ನು ಅಡ್ಡಡ್ಡ ಬೀಸಿದ: ಎಸೆತ, ನೆಲ ಮುಟ್ಟಿದೆ, ಚೆಂಡು ಸತ್ತಿದೆ, ಪಂದ್ಯ ಮುಗಿದಿದೆ.

ಕುಣಿಯುತ್ತಿದ್ದವರು ಒಂಟಿ ಕಾಲಲ್ಲೇ ನಿಂತರು.

ಅರ್ಧ ಗಂಟೆಯಲ್ಲಿ ಮಿಸ್ ಪೊಕೋರ್ನಿಯ ಕೈಗೆ ಗುಡ್ಡದವರ ದೂರು ಬಂತು. ಕೈಯೊರೆಸುವ ಕಾಗದದ ಮೇಲೆ ಬರೆದದ್ದು, ಅರವತ್ತೊಂದು ಸಹಿ. ಅವಳು ಅದನ್ನು ಮಡಚಿಟ್ಟುಕೊಂಡು ಆರ್ಲೋನನ್ನು ಕರೆದಳು. "ನನ್ನ ವರದೀಲಿ ಹನ್ನೆರಡು ಪ್ರಶ್ನೆ ಇದೆ ಆರ್ಲೋ. ಹನ್ನೊಂದಕ್ಕೆ ಒಳ್ಳೇ ಅಂಕ ಹಾಕಿದೀನಿ. ಕೊನೇದು ಹಾಗೇ ಬಿಟ್ಟಿದೀನಿ."

"ಯಾವುದು ಮೇಡಂ?"

"ಕಣ್ಣಾರೆ ಕಂಡದ್ದಕ್ಕೆ ತೀರ್ಪು ಕೊಟ್ಟನೇ? ಅನ್ನೋದು. ಶನಿವಾರ ಬೆಳಿಗ್ಗೆ ಹತ್ತಕ್ಕೆ ಅಗ್ನಿಶಾಮಕ ಠಾಣೇಲಿ ವಿಚಾರಣೆ. ಅದು ತುಂಬಿದ ಮೇಲೇ ಅಂಗಿ ವಿಚಾರ."

ಆರ್ಲೋ ಸೀಟಿಯನ್ನು ಜೇಬಿಗೆ ಹಾಕಿಕೊಂಡು ಊಟಕ್ಕೆ ಹೊರಟ.

ಹಬ್ಬದೂಟ ಪ್ರತಿ ವರ್ಷದಂತೆ ಅತ್ತೆ ಬೊರ್ಘಿಲ್ಡ್‌ಳ ಮನೆಯಲ್ಲಿ. ಎಪ್ಪತ್ತೆಂಟರ ಬೊರ್ಘಿಲ್ಡ್ ಅಳಿಯನನ್ನು ಬಾಗಿಲಲ್ಲಿ ಎದುರುಗೊಂಡು, ಒಂದು ಮಾತೂ ಆಡದೆ, ಮೊಮ್ಮಕ್ಕಳಿಗಾಗಿ ಮೂಲೆಯಲ್ಲಿ ಹಾಕಿದ್ದ ಪುಟ್ಟ ಮೇಜನ್ನು ತೋರಿಸಿದಳು. ಹನ್ನೆರಡು ವರ್ಷ ದಾಟಿದವರು ಯಾರೂ ಆ ಮನೆಯಲ್ಲಿ ಆ ಮೇಜಿಗೆ ಕುಳಿತದ್ದಿಲ್ಲ. ಆರ್ಲೋ ಮೊಣಕಾಲುಗಳನ್ನು ಗದ್ದಕ್ಕೆ ತಾಗಿಸಿಕೊಂಡು ಕುಳಿತ. ಕೋಳಿಯ ಎದೆ, ತೊಡೆ, ರೆಕ್ಕೆ ಎಲ್ಲವೂ ದೊಡ್ಡ ಮೇಜನ್ನು ಸುತ್ತಿ ಬಂದು, ಅವನ ತಟ್ಟೆಗೆ ಕುತ್ತಿಗೆ ಬಿತ್ತು.

ಪ್ರಾರ್ಥನೆ ಮುಗಿದ ಕೂಡಲೇ ಬೊರ್ಘಿಲ್ಡ್ ಶುರು ಮಾಡಿದಳು. "ನನ್ನ ಮಗ ಎಸೀಲಿಲ್ಲ. ಜಾರಿಸಿದ."

"ಅಮ್ಮಾ, ನಾನು..." ಎಂದ ಗಾರ್ಡಿ.

"ನೀನು ಸುಮ್ನಿರು. ಹುಟ್ಟಿದಾಗಿಂದ ನಿನ್ನ ಕೈಲಿ ಏನು ನಿಂತಿದೆ? ಮೂರನೇ ವರ್ಷಕ್ಕೆ ನಿಮ್ಮಪ್ಪನ ಗಡಿಯಾರ ಬಾವಿಗೆ. ಮದುವೆ ದಿನ ಉಂಗುರ, ಅದೂ ಎರಡು ಸಲ. ಹೋದ ವರ್ಷ ಚರ್ಚಿನ ಸೂರು ರಿಪೇರಿ ಮಾಡೋಕೆ ಹತ್ತಿ ಪಾದ್ರಿಗಳ ಕಾರಿನ ಮೇಲೆ ಸುತ್ತಿಗೆ ಬಿಟ್ಟೆ. ಇಂಥವನು ಚೆಂಡು ಎಸೆದನಂತೆ! ಯಾರಾದ್ರೂ ನಂಬ್ತಾರಾ?"

"ನಂಬಲ್ಲ," ಎಂದರು ದೊಡ್ಡ ಮೇಜಿನವರೆಲ್ಲ.

"ಅವನ ಕೈಗೆ ಬೆಣ್ಣೆ ಸವರಿದ ಹಾಗೆ ಅಂತ ಊರಿಗೇ ಗೊತ್ತು," ಎಂದಳು ಗಾರ್ಡಿಯ ಹೆಂಡತಿ, ಗಂಡನ ಪರವಾಗಿ. "ಮದುವೆಯಾಗಿ ಹದಿನೇಳು ವರ್ಷ ಆಯ್ತು, ನಮ್ಮನೇಲಿ ಒಂದೇ ಥರದ ಎರಡು ಬಟ್ಟಲು ಇಲ್ಲ."

ಗಾರ್ಡಿಯ ಮುಖ ಆಲೂಗಡ್ಡೆಯ ಬಟ್ಟಲಿಗಿಂತ ಕೆಳಕ್ಕೆ ಇಳಿಯಿತು. ಅವನಿಗೆ ನಲವತ್ತೊಂದು. ಹೈಸ್ಕೂಲಿನಲ್ಲಿದ್ದಾಗ ಅವನ ಎಸೆತ ಐವತ್ತೆಂಟು ಗಜ ಹಾರಿದ್ದನ್ನು ಕುರಿತು ಪತ್ರಿಕೆಯಲ್ಲಿ ಎರಡು ಸಾಲು ಬಂದಿತ್ತು. ಆ ಎರಡು ಸಾಲನ್ನು ಅವನು ಪರ್ಸಿನಲ್ಲಿ ಇಟ್ಟುಕೊಂಡಿದ್ದ. ಆ ಮನೆಯಲ್ಲಿ ಅವನನ್ನು ಇಷ್ಟು ಪ್ರೀತಿಯಿಂದ ಎಲ್ಲರೂ ಸಮರ್ಥಿಸಿದ್ದು ಅದೇ ಮೊದಲು, ಅವನು ಅಷ್ಟು ಕುಗ್ಗಿದ್ದೂ ಅದೇ ಮೊದಲು.

ಊಟವಾದ ಮೇಲೆ ಅಡುಗೆಮನೆಯಲ್ಲಿ ಆರ್ಲೋ ಪಾತ್ರೆ ತೊಳೆಯುತ್ತಿದ್ದಾಗ ಗಾರ್ಡಿ ಒರೆಸುವ ಬಟ್ಟೆ ಹಿಡಿದು ಪಕ್ಕಕ್ಕೆ ಬಂದ.

"ಭಾವ, ನೀನು ಹಿಂದೇನೇ ನಿಂತಿದ್ದೆ. ನನ್ನ ಕೈ ಮುಂದಕ್ಕೆ ಹೋಗ್ತಾ ಇತ್ತು ತಾನೇ?"

"ನಿನಗೆ ಏನನ್ನಿಸ್ತು?"

"ನನಗೆ ಅನ್ನಿಸೋದೇನು, ಎಸೆದೆ! ಆದ್ರೆ ಅಲೋಯ್ಸ್ ಮೈಮೇಲೆ ಬಿದ್ದ ಮೇಲೆ ನನ್ನ ಹೆಸರೇ ಮರೆತು ಹೋಗಿತ್ತು ನಂಗೆ. ನೀನು ನೋಡಿದ್ಯಲ್ಲ. ನೀನು ಹೇಳು."

ಆರ್ಲೋ ಒಂದು ತಟ್ಟೆಯನ್ನು ನಾಲ್ಕನೆಯ ಸಲ ತೊಳೆದ. ನಡುಮನೆಯಿಂದ ಲಾವೋನ್ ಕೂಗಿದಳು: "ಗಾರ್ಡಿ, ನೀನು ಪಿಂಗಾಣಿ ಮುಟ್ಟಬೇಡ್ವೋ!" ಗಾರ್ಡಿ ಬಟ್ಟೆ ಬಿಸಾಡಿ ಹೊರಟುಹೋದ. ಬಿಸಾಡಿದ್ದು ಒಳ್ಳೆಯ ಎಸೆತವೇ ಆಗಿತ್ತು, ಆದರೆ ನೋಡಲು ಯಾರೂ ಇರಲಿಲ್ಲ.

ಶುಕ್ರವಾರ ಆರ್ಲೋ ಮೀಸೆ ತಿದ್ದಿಸಿಕೊಳ್ಳಲು ಅಲೋಯ್ಸ್‌ನ ಅಂಗಡಿಗೆ ಹೋದ. ವಿಚಾರಣೆಗೆ ಚೊಕ್ಕಟವಾಗಿ ಹೋಗಬೇಕೆಂಬುದು ಅವನ ಎಣಿಕೆ. ಗುಡ್ಡದ ಮೇಲೆ ಯಾರೂ ಮಾತಾಡಿಸುತ್ತಿರಲಿಲ್ಲ ಎಂಬುದು ನಿಜವಾದ ಕಾರಣ. ಗಿರಣಿಯವರು ಎದ್ದು ನಿಂತು ಬರಮಾಡಿಕೊಂಡರು. ಅವನ ಮುಖಕ್ಕೆ ನೊರೆ ಹಚ್ಚಿ ಆಗಿತ್ತು, ಅಷ್ಟರಲ್ಲಿ ಬಾಗಿಲು ತೆರೆದು ಗಾರ್ಡಿಯೇ ಒಳಕ್ಕೆ ಬಂದ. ಗುಡ್ಡದವನೊಬ್ಬ ಆ ಅಂಗಡಿಯ ಹೊಸಿಲು ತುಳಿದು ಏಳು ವರ್ಷವಾಗಿತ್ತು.

ಗೆದ್ದವರು ಸೋತವನನ್ನು ಆಡಿಕೊಳ್ಳುತ್ತಾರೆಂದು ಆರ್ಲೋ ನೊರೆಯೊಳಗೇ ಬೆವರಿದ. ಆದರೆ ಅಲೋಯ್ಸ್ ಕ್ಷೌರದ ಕತ್ತಿ ಹಿಡಿದೇ ಎರಡೂ ತೋಳು ಚಾಚಿದ.

"ಬಾರಪ್ಪಾ ಬಾ, ಚಿನ್ನದ ಕೈಯವನೇ! ಏಯ್, ಅವನಿಗೆ ಕುರ್ಚಿ ಕೊಡ್ರೋ! ಎಂಥಾ ಎಸೆತ ಅಂತೀರಿ! ಇಪ್ಪತ್ತು ವರ್ಷದಿಂದ ಜನರ ಮೇಲೆ ಬೀಳ್ತಾ ಇದೀನಿ ನಾನು, ಅಂಥಾ ತೋಳು ಕಂಡಿಲ್ಲ. ಹೀಗೆ ಎತ್ತಿದ, ಹೀಗೆ..." ಎಂದು ಅಲೋಯ್ಸ್ ಆರ್ಲೋನ ಗಂಟಲ ಪಕ್ಕದಿಂದ ಕತ್ತಿಯನ್ನು ಮೇಲಕ್ಕೆತ್ತಿ ಮುಂದಕ್ಕೆ ಬೀಸಿದ.

ಆರ್ಲೋ ಕಣ್ಣು ಮುಚ್ಚಿದ.

"ಯಾಕಯ್ಯ ಕಣ್ಣು ಮುಚ್ತೀಯ?"

"ಸೋಪು," ಎಂದ ಆರ್ಲೋ.

"ಕೈ ಮುಂದಕ್ಕೆ ಹೋಗಿತ್ತು ತಾನೇ ಆರ್ಲೋ? ನೀನೇ ಹೇಳು. ಇಂಥಾ ಕಲಾವಿದನಿಗೆ ಕೈಜಾರಿತು ಅಂತಾರಲ್ಲ, ಆ ಬೊರ್ಘಿಲ್ಡ್ ಮುದುಕಿಗೆ ಹೆತ್ತ ಕರುಳಿದೆಯೇನಯ್ಯ?"

ಗಾರ್ಡಿ ಮೂಗು ಒರೆಸಿಕೊಂಡ. "ನಿಜವಾಗ್ಲೂ ಚೆನ್ನಾಗಿತ್ತಾ ಅಲೋಯ್ಸ್?"

"ಚೆನ್ನಾಗಿತ್ತಾ ಅಂತಾನೆ! ಆ ಎಸೆತಕ್ಕೆ ಹಿಡಿಯೋನು ಸಿಗಲಿಲ್ಲ ಅಷ್ಟೇ. ಅದು ಹಿಡಿಯೋರ ದೌರ್ಭಾಗ್ಯ."

ಗಾರ್ಡಿ ಅವತ್ತು ಕೂದಲು ಕತ್ತರಿಸಿಕೊಂಡ, ಗಡ್ಡ ಬೋಳಿಸಿಕೊಂಡ, ಕುತ್ತಿಗೆಗೆ ಪೌಡರ್ ಹಾಕಿಸಿಕೊಂಡ. ಒಂದೂವರೆ ಗಂಟೆ ಶತ್ರುಗಳ ನಡುವೆ ಕುಳಿತು ಐವತ್ತೆಂಟು ಗಜದ ಕಥೆಯನ್ನು ಎರಡು ಸಲ ಹೇಳಿದ. ಪರ್ಸಿನಿಂದ ಚೀಟಿ ತೆಗೆದು ತೋರಿಸಿದ. ಯಾರೂ ಆಕಳಿಸಲಿಲ್ಲ.

ಮನೆಗೆ ಬಂದು ಆರ್ಲೋ ಪುಸ್ತಕದ ಆ ನಾಲ್ಕು ಪುಟಗಳನ್ನು ಮತ್ತೆ ಓದಿದ. ಕೈಯ ಬಗ್ಗೆ ಎಲ್ಲ ಇತ್ತು. ನೋಡುವವನ ಕಣ್ಣು ಮುಚ್ಚಿದ್ದರೆ ಏನು ಮಾಡಬೇಕೆಂದು ಇರಲಿಲ್ಲ. ಬರೆದವರಿಗೆ ಹಾಗೊಬ್ಬ ರೆಫರಿ ಇರಬಹುದೆಂದು ಹೊಳೆದಿರಲಾರದು.

"ಒಂದು ಮಾತು ಹೇಳಿಬಿಟ್ರೆ ಮುಗೀತು ಅಲ್ವಾ?" ಎಂದಳು ಲಾವೋನ್, ಹೊಲಿಗೆಯಿಂದ ತಲೆ ಎತ್ತದೆ. "ಕೈ ಮುಂದಕ್ಕೆ ಹೋಗ್ತಿತ್ತು, ನಾನು ನೋಡಿದೆ ಅಂತ. ಅಂಗಿ ಬರುತ್ತೆ. ಅಮ್ಮನ್ನ ನಾನು ನೋಡ್ಕೋತೀನಿ. ನೀನು ನೋಡಿದ್ಯಲ್ಲ?"

ಆರ್ಲೋ ಪುಸ್ತಕದ ಪುಟ ತಿರುಗಿಸಿದ. ಲಾವೋನ್ ಸೂಜಿ ನಿಲ್ಲಿಸಿ ಅವನ ಕಡೆ ಒಂದು ಗಳಿಗೆ ನೋಡಿ, ಮತ್ತೆ ಹೊಲಿಗೆಗೆ ತೊಡಗಿದಳು.

ಶನಿವಾರ ಜನಕ್ಕೆ ಜಾಗ ಮಾಡಲು ಬೆಂಕಿ ಆರಿಸುವ ವಾಹನವನ್ನು ಹೊರಗೆ ಹಿಮದಲ್ಲಿ ನಿಲ್ಲಿಸಬೇಕಾಯಿತು. ಆ ಹೊತ್ತಿನಲ್ಲಿ ಊರಿಗೆ ಬೆಂಕಿ ಬಿದ್ದಿದ್ದರೂ ಯಾರೂ ಏಳುತ್ತಿರಲಿಲ್ಲ. ಗುಡ್ಡದವರು ಎಡಕ್ಕೆ, ಗಿರಣಿಯವರು ಬಲಕ್ಕೆ, ನಡುವೆ ಮೇಜಿನ ಮುಂದೆ ಮಿಸ್ ಪೊಕೋರ್ನಿ.

ಸಾಕ್ಷಿ ಹೇಳಲು ಬಂದವರೆಲ್ಲ ಕೈಯಾಡಿಸಿ ತೋರಿಸಿದರು. ಗುಡ್ಡದವರ ಕೈಗಳೆಲ್ಲ ಕಿವಿಯ ಹಿಂದೆಯೇ ನಿಂತವು. ಗಿರಣಿಯವರ ಕೈಗಳೆಲ್ಲ ಮೂಗಿನ ಮುಂದಕ್ಕೆ ಬಂದವು. ಒಬ್ಬ ಉತ್ಸಾಹದಲ್ಲಿ ಪಕ್ಕದವನ ಟೋಪಿ ಹಾರಿಸಿದ. ಆ ದಿನ ಪಾದ್ರಿಗಳ ಹೆಂಡತಿ ತೆಗೆದ ಏಕೈಕ ಛಾಯಾಚಿತ್ರವನ್ನು ಗೌರವದಿಂದ ಮೇಜಿನ ಮೇಲಿಡಲಾಯಿತು. ಅದರಲ್ಲಿ ಆಕೆಯ ಹೆಬ್ಬೆರಳು ಬಹಳ ಸ್ಪಷ್ಟವಾಗಿ ಬಂದಿತ್ತು.

"ಈ ಬೆರಳು ಮುಂದಕ್ಕೂ ಹೋಗ್ತಿಲ್ಲ, ಹಿಂದಕ್ಕೂ ಹೋಗ್ತಿಲ್ಲ," ಎಂದಳು ಮಿಸ್ ಪೊಕೋರ್ನಿ. "ಗಾರ್ಡಿ, ಎದ್ದು ನಿಲ್ಲು. ನೇರವಾಗಿ ನಿಲ್ಲು. ನೀನು ಎಸೆದೆಯೋ, ಜಾರಿಸಿದೆಯೋ?"

ಗಾರ್ಡಿ ಎದ್ದ. ಬೊರ್ಘಿಲ್ಡ್ ಅವನ ಕೋಟಿನ ಚುಂಗು ಹಿಡಿದಿದ್ದಳು. "ಹೇಳಿಕೊಟ್ಟ ಹಾಗೆ ಹೇಳು," ಎಂದಳು, ಪಕ್ಕದ ಜಿಲ್ಲೆಗೂ ಕೇಳುವ ಪಿಸುಮಾತಿನಲ್ಲಿ.

"ನಾನು..." ಎಂದು ಗಾರ್ಡಿ ಬಾಯಿ ತೆರೆದ. ಎಡಗಡೆ ಅವನ ತಾಯಿ, ಹೆಂಡತಿ, ನಂಟರು, ಎಲ್ಲರೂ ಅವನು ಕೈಲಾಗದವನೆಂದು ನಂಬಿ ಕಾದಿದ್ದರು. ಬಲಗಡೆ ಅಲೋಯ್ಸ್ ಮೆಲ್ಲಗೆ ತಲೆದೂಗಿದ. "ಎಸೆದೆ!" ಎಂದು ಗಾರ್ಡಿ ಗುಡುಗಿದ. "ಕೇಳಿಸ್ಕೊಳ್ಳಿ ಎಲ್ಲರೂ! ನಾನು ಎಸೆದೆ! ಒಳ್ಳೇ ಎಸೆತ ಅದು!"

ಗಿರಣಿಯವರು ಬೆಂಚು ಕುಟ್ಟಿ ಕೂಗಿದರು. ಗುಡ್ಡದವರ ಕಡೆ ಯಾರೋ ಅತ್ತರು. ಬೊರ್ಘಿಲ್ಡ್ ಚುಂಗು ಬಿಟ್ಟುಬಿಟ್ಟಳು. "ಬಾಯಲ್ಲೂ ಏನೂ ನಿಲ್ಲಲ್ಲ ಇವನಿಗೆ," ಎಂದಳು.

"ಸಾಕು," ಎಂದಳು ಮಿಸ್ ಪೊಕೋರ್ನಿ. ಸದ್ದು ಅಡಗಿತು. ಅವಳು ನೋಟ್‌ಬುಕ್ ತೆರೆದು, ಪೆನ್ಸಿಲನ್ನು ಹನ್ನೆರಡನೆಯ ಪ್ರಶ್ನೆಯ ಮೇಲಿಟ್ಟಳು. "ಆರ್ಲೋ. ಎಸೆದವನೇ ಎಸೆದೆ ಅಂದಿದಾನೆ. ನಿನ್ನ ತೀರ್ಪೂ ಅದೇ. ಇನ್ನು ಉಳಿದಿರೋದು ನೀನು ಏನು ಕಂಡೆ ಅನ್ನೋದು. ಹೇಳಿದ್ರೆ ಮುಗಿಸಿ ಮನೆಗೆ ಹೋಗ್ತೀನಿ."

ಎಲ್ಲವೂ ಅಷ್ಟು ಸುಲಭವಾಗಿ ಎದುರಿಗಿತ್ತು. "ಕೈ ಮುಂದಕ್ಕೆ ಹೊರಟಿತ್ತು ಮೇಡಂ": ನಾಲ್ಕೇ ಮಾತು. ಸುಳ್ಳೆಂದು ಸಾಧಿಸಬಲ್ಲವರು ಭೂಮಿಯ ಮೇಲೆ ಇರಲಿಲ್ಲ. ಬಹುಶಃ ಅದು ಸುಳ್ಳೂ ಆಗಿರಲಿಲ್ಲ. ಆರ್ಲೋ ಎದ್ದು, ಟೋಪಿಯನ್ನು ಎರಡು ಸುತ್ತು ತಿರುಗಿಸಿ, ಗಂಟಲು ಸರಿಪಡಿಸಿಕೊಂಡ.

"ಏನೂ ಕಾಣಲಿಲ್ಲ ಮೇಡಂ."

"ಏನಂದೆ?"

"ಕಣ್ಣು ಮುಚ್ಕೊಂಡಿದ್ದೆ. ಅಲೋಯ್ಸ್ ಬಂದು ಬಿದ್ದನಲ್ಲ, ಆಗ. ತಾನಾಗೇ ಮುಚ್ಕೊಳ್ತು. ಸೀಟಿನೂ ತಾನಾಗೇ ಊದ್ಹೋಯ್ತು. ಆಮೇಲೆ ಏನು ಮಾಡಬೇಕೋ ತಿಳೀದೆ ಕೈ ಬೀಸಿದೆ."

ಬೆಂಕಿಯ ಗಂಟೆ ಹೊಡೆದಿದ್ದರೂ ಅಷ್ಟು ಗದ್ದಲವಾಗುತ್ತಿರಲಿಲ್ಲ. ಎರಡು ದಿನದಿಂದ ಕೈಯ ಬಗ್ಗೆ ಜಗಳವಾಡಿದ ಎಂಟುನೂರು ಜನಕ್ಕೆ ಕಣ್ಣಿನ ಬಗ್ಗೆ ಒಂದೇ ಸಲ ಸಿಟ್ಟು ಬಂತು. "ಕುರುಡ!" ಎಂದರು ಎಡಗಡೆಯವರು. "ಮೋಸಗಾರ!" ಎಂದರು ಬಲಗಡೆಯವರು. ಅಲೋಯ್ಸ್ ಬೆಂಚಿನ ಮೇಲೆ ಹತ್ತಿ, "ಸೋಪು ಅಂದ್ಯಲ್ಲೋ!" ಎಂದು ಕೂಗಿದ. ಎಲ್ಲಕ್ಕಿಂತ ನೊಂದವನು ಗಾರ್ಡಿ. "ಹಾಗಾದ್ರೆ ನನ್ನ ಎಸೆತ ಯಾರೂ ನೋಡೇ ಇಲ್ವಾ?" ಎಂದು ಅವನು ಯಾರನ್ನೂ ಉದ್ದೇಶಿಸದೆ ಕೇಳಿದ. ಲಾವೋನ್ ಮಾತ್ರ ತುಟಿ ಬಿಗಿಹಿಡಿದು, ಚೀಲದಿಂದ ಕರವಸ್ತ್ರ ತೆಗೆದಳು.

ಮಿಸ್ ಪೊಕೋರ್ನಿ ಪೆನ್ಸಿಲಿಂದ ಮೇಜು ತಟ್ಟಿದಳು. ಅವಳ ಕೈಕೆಳಗೆ ಓದಿದವರೆಲ್ಲ ತಮಗರಿವಿಲ್ಲದೆ ಕುಳಿತುಕೊಂಡರು. "ಸೀಟಿ ಊದಿದಾಗ ಚೆಂಡು ಎಲ್ಲಿತ್ತು?"

"ಗಾಳೀಲಿ," ಎಂದ ಲೀಲೆಂಡ್. "ನಾನು ಎತ್ಕೊಳ್ಳೋಕೆ ಮುಂಚೇನೇ ಊದಿದ್ದ. ನಂಗೆ ಕೇಳಿಸ್ತು. ಕೇಳಿಸದ ಹಾಗೆ ಓಡಿದೆ."

ಇದೊಂದು ವಿಷಯದಲ್ಲಿ ಎಡದವರಿಗೂ ಬಲದವರಿಗೂ ಭಿನ್ನಾಭಿಪ್ರಾಯವಿರಲಿಲ್ಲ.

ಆರ್ಲೋನ ಕೈ ಮೆಲ್ಲಗೆ ಮೇಲೇರಿತು, ತರಗತಿಯಲ್ಲಿ ಏಳುವ ಹಾಗೆ. "ಮೇಡಂ, ಅದಕ್ಕೆ ನಿಯಮ ಇದೆ. ತಪ್ಪಿ ಊದಿದ ಸೀಟಿ. ಚೆಂಡು ಯಾರ ಕೈಲೂ ಇಲ್ಲದಾಗ ರೆಫರಿ ತಪ್ಪಿ ಊದಿದ್ರೆ, ಆಟ ಅಲ್ಲಿಗೇ ನಿಂತ ಹಾಗೆ. ಅದು ಎಸೆತ ಆಗಿದ್ರೆ ಆ ಆಟಾನ ಮತ್ತೆ ಆಡಿಸಲೇಬೇಕು. ಕೈಜಾರಾಗಿದ್ರೂ ಚೆಂಡು ಯಾರ ಹತ್ರ ಇತ್ತೋ ಅವರು ಮತ್ತೆ ಆಡ್ತೀವಿ ಅಂತ ಕೇಳಬಹುದು." ಆಮೇಲೆ, ಇನ್ನೂ ಸಣ್ಣ ದನಿಯಲ್ಲಿ, "ಅವತ್ತೇ ಹೇಳಬೇಕಿತ್ತು. ಅಂಗಿ ಹೋಗುತ್ತೆ ಅಂತ ಹೇಳಲಿಲ್ಲ. ನನ್ನ ಹೆಸರು ಹೊಡೆದುಬಿಡಿ ಮೇಡಂ. ಆದ್ರೆ ಆಟ ಅವರಿಗೆ ಬರಬೇಕು."

ಮಿಸ್ ಪೊಕೋರ್ನಿ ಪೆನ್ಸಿಲ್ ಎತ್ತಿಟ್ಟಳು. ಹನ್ನೆರಡನೆಯ ಪ್ರಶ್ನೆಯ ಮುಂದೆ ಏನನ್ನೂ ಬರೆಯಲಿಲ್ಲ. "ಚೆಂಡು ತಗೊಂಡು ಬನ್ನಿ," ಎಂದಳು.

ಹೀಗೆ ನಾಲ್ಕು ಸೆಕೆಂಡಿನ ಒಂದು ಆಟವನ್ನು ಆಡಲು ಶನಿವಾರ ಮಧ್ಯಾಹ್ನ ಇಪ್ಪತ್ತೆರಡು ಜನ ಮತ್ತೆ ಮೈದಾನಕ್ಕೆ ಇಳಿದರು. ಕೆಲವರು ಇಸ್ತ್ರಿಯ ಪ್ಯಾಂಟಿನಲ್ಲೇ ಇದ್ದರು. ಎರಡು ದಿನ ಟರ್ಕಿ ತಿಂದು ಎಲ್ಲರೂ ಒಂದಿಷ್ಟು ದಪ್ಪಗಾಗಿದ್ದರು, ಅಲೋಯ್ಸ್ ವಿಶೇಷವಾಗಿ. ಬೇರೆ ರೆಫರಿ ಸಿಗುವ ಹಾಗಿರಲಿಲ್ಲ. ಸೀಟಿ ಕೊಟ್ಟರೂ ತೆಗೆದುಕೊಳ್ಳಲು ಯಾರೂ ಒಪ್ಪುವ ಸ್ಥಿತಿಯಲ್ಲಿರಲಿಲ್ಲ. "ಆರ್ಲೋ, ಸೀಟಿ," ಎಂದಷ್ಟೇ ಹೇಳಿ ಮಿಸ್ ಪೊಕೋರ್ನಿ ಕುರ್ಚಿ ಬಿಡಿಸಿದಳು.

"ಗಾರ್ಡೀ! ಈ ಸಲಾನೂ ಜಾರಿಸೋ ಮಗನೇ!" ಎಂದು ಬೊರ್ಘಿಲ್ಡ್ ಗೆರೆಯಾಚೆಯಿಂದ ಹುರಿದುಂಬಿಸಿದಳು.

"ಎಸೀತೀನಿ!" ಎಂದು ಗಾರ್ಡಿ ಹಲ್ಲು ಕಡಿದ.

ಆರ್ಲೋ ಗಾರ್ಡಿಯ ಹಿಂದೆ ಹತ್ತು ಮಾರು ದೂರದಲ್ಲಿ ನಿಂತ. ಕಣ್ಣುಗಳನ್ನು ಎಷ್ಟು ಅಗಲಕ್ಕೆ ತೆರೆಯಬಹುದೋ ಅಷ್ಟು ತೆರೆದ. ಬಡಗಣ ಗಾಳಿ ನೇರ ಕಣ್ಣಿಗೇ ಬೀಸುತ್ತಿತ್ತು. ನೀರು ಸುರಿಯತೊಡಗಿತು. ಅವನು ಒರೆಸಲಿಲ್ಲ.

ಚೆಂಡು ಗಾರ್ಡಿಯ ಕೈಗೆ ಬಂತು. ಗಾರ್ಡಿ ಹಿಂದೆ ಸರಿದ. ಈ ಸಲ ಅವನು ಇಡೀ ಊರಿಗೆ ತೋರಿಸಬೇಕಿತ್ತು. ಆದ್ದರಿಂದ ಕೈಯನ್ನು ಹಿಂದಕ್ಕೆ ಎಳೆದ, ಇನ್ನೂ ಹಿಂದಕ್ಕೆ, ಐವತ್ತೆಂಟು ಗಜದ ಕಾಲಕ್ಕೆ ಹೋಗಿ ಮುಟ್ಟುವಷ್ಟು ಹಿಂದಕ್ಕೆ. ಅಲೋಯ್ಸ್ ಬಂದ. ಧಡ್ ಎಂದಿತು. ಆರ್ಲೋನ ಮೈಯೆಲ್ಲ ಮುದುಡಿತು, ಭುಜಗಳು ಕಿವಿಗೇರಿದವು, ಮೊಣಕಾಲು ಕೂಡಿಕೊಂಡವು. ರೆಪ್ಪೆಗಳು ಮಾತ್ರ ಅಲುಗಲಿಲ್ಲ.

ಅವನು ಕಂಡ. ಕೈ ಹಿಂದೆಯೇ ಇತ್ತು. ಚೆಂಡು ಬೆರಳ ತುದಿಯಿಂದ ತಾನಾಗಿ ಮೇಲಕ್ಕೆ ಚಿಮ್ಮಿ, ಮುಂದಿದ್ದವನ ಬೆನ್ನಿಗೆ ಬಡಿದು, ಪುಟಿದು ಉರುಳಿತು. ಲೀಲೆಂಡ್ ಎತ್ತಿಕೊಂಡ. ಓಡಿದ. ಗೆರೆ ದಾಟಿದ. ಆಮೇಲೆ, ಆಮೇಲೆಯೇ, ಆರ್ಲೋ ಸೀಟಿ ಊದಿ ಎರಡೂ ಕೈಗಳನ್ನು ನೆಟ್ಟಗೆ ಮೇಲಕ್ಕೆತ್ತಿದ. ಕೈಜಾರು. ಚೆಂಡು ಬದುಕಿದೆ. ಗುಡ್ಡ ಹದಿನೆಂಟು, ಗಿರಣಿ ಹದಿನಾಲ್ಕು.

ಗುಡ್ಡದವರು ಕ್ಷೌರದಂಗಡಿಯ ಕಿಟಕಿಯ ಕಡೆಗೆ ಓಡಿದರು. ಗಿರಣಿಯ ಹನ್ನೊಂದು ಜನ ಆರ್ಲೋನನ್ನು ಮುತ್ತಿದರು. ಅವರ ಮುಂಚೂಣಿಯಲ್ಲಿ, ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವನು ಗಾರ್ಡಿ.

"ಎಸೆದೆ ಕಣೋ ಭಾವ! ಎಸೆತ ಅದು!"

"ಎಸೆತವೇ! ನಾನೇ ಅವನ ಮೇಲಿದ್ದೆ!" ಎಂದ ಅಲೋಯ್ಸ್, ಗಾರ್ಡಿಯ ಹೆಗಲ ಮೇಲೆ ಕೈ ಹಾಕಿ.

"ಲೋ ದಡ್ಡ, ಗೆದ್ದಿದೀಯ ಕಣೋ, ಬಾರೋ ಈಚೆ!" ಎಂದು ಬೊರ್ಘಿಲ್ಡ್ ಕೋಲು ಬೀಸಿದಳು.

"ಗೆಲ್ಲೋದು ಬೇಡ ನಂಗೆ!" ಗಾರ್ಡಿಯ ದನಿ ಒಡೆಯಿತು. "ಭಾವ, ನಿಜ ಹೇಳು. ಮತ್ತೆ ಕಣ್ಣು ಮುಚ್ಕೊಂಡ್ಯಾ?"

ಆರ್ಲೋನ ಕೆನ್ನೆಗಳ ಮೇಲೆ ನೀರು ಧಾರಾಕಾರವಾಗಿ ಇಳಿಯುತ್ತಿತ್ತು. "ಇಲ್ಲ ಗಾರ್ಡಿ," ಎಂದ. "ಈ ಸಲ ತೆರ್ಕೊಂಡೇ ಇದ್ದೆ. ಕೈ ಹೊರಟಿರಲಿಲ್ಲಪ್ಪಾ. ಹೊರಟಿದ್ರೆ ತುಂಬಾ ದೂರ ಹೋಗ್ತಿತ್ತು."

ಗಾರ್ಡಿ ತನ್ನ ಬಲಗೈಯನ್ನು ಒಮ್ಮೆ ನೋಡಿಕೊಂಡ. "ಎಷ್ಟು ದೂರ?" ಎಂದ.

"ಬಹಳ ದೂರ."

ಹನ್ನೊಂದು ಜನರ ಬೈಗುಳದ ನಡುವೆ ದಾರಿ ಮಾಡಿಕೊಂಡು ಮಿಸ್ ಪೊಕೋರ್ನಿ ಬಂದಳು. ನೋಟ್‌ಬುಕ್ ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡಿದ್ದಳು. "ನಿನ್ನ ಅಂಗಿ ಅಳತೆ ಎಷ್ಟು?" ಎಂದು ಕೇಳಿದಳು.

ಆರ್ಲೋ ಬಾಯಿ ತೆರೆದ. ನಿಯಮದ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಒಪ್ಪಿಸಬಲ್ಲ ಆ ಮನುಷ್ಯನಿಗೆ ಅದೊಂದು ಗೊತ್ತಿರಲಿಲ್ಲ.

"ಹದಿನಾರೂವರೆ ಕತ್ತು, ತೋಳು ಗಿಡ್ಡ!" ಎಂದು ಲಾವೋನ್ ಗೆರೆಯಾಚೆಯಿಂದ ಕೂಗಿದಳು.

ಮಿಸ್ ಪೊಕೋರ್ನಿ ಬರೆದುಕೊಂಡಳು. ಹೊರಡುವ ಮುಂಚೆ ಅವನ ಮುಖವನ್ನು ಹತ್ತಿರದಿಂದ ನೋಡಿ, ತರಗತಿಯಲ್ಲಿ ಯಾರೂ ಅವಳಿಂದ ಕೇಳಿರದ ಮೆತ್ತನೆಯ ದನಿಯಲ್ಲಿ ಹೇಳಿದಳು:

"ಇನ್ನು ರೆಪ್ಪೆ ಬಡೀಬಹುದು ಆರ್ಲೋ."